ಊರನ್ನ ಸಿಟಿಗೆ ಸೇರಿಸ್ಬೇಕಾ, ಕೈಜೋಡಿಸಿದ್ರೆ ಸಾಕಾ?

ಸಿಟಿ ಅಂಚಿನ ಪಂಚಾಯ್ತಿಗಳಲ್ಲೆಲ್ಲಾ ಈಗ ಇದೇ ಮಾತು, ನಗರಸಭೆಗೆ ಸೇರೋಣ್ವಾ ಬೇಡ್ವಾ ಅಂತ. ನಮ್ಮೂರಲ್ಲಿ ಒಂದು ಮೋರಿ ಇದೆ, ಆಚೆ ನಗರಸಭೆ, ಈಚೆ ಪಂಚಾಯ್ತಿ, ಕಸದ ಗಾಡಿ ದಿನಾ ಬೆಳಿಗ್ಗೆ ಮೋರಿ ತನಕ ಬಂದು ರಿವರ್ಸ್ ತಗೊಂಡು ಹೋಗ್ತಿತ್ತು, ಈಚೆ ಕಡೆಯವರು ಕವರಲ್ಲಿ ಕಟ್ಟಿ ಅದೇ ಮೋರಿಗೆ ಎಸೀತಿದ್ರು. ಸಿಟಿಗೆ ಸೇರಿಸ್ಬಿಡಿ ಎಲ್ಲಾ ಸರಿಹೋಗುತ್ತೆ ಅಂದ್ರು ಜನ. ದಯವಿಟ್ಟು ಅಷ್ಟು ಆತುರ ಬೇಡ.

ಮೊದ್ಲು ಗ್ರಾಮಸಭೇಲಿ ಕೂತು ತೊಂದರೆ ಏನೇನು ಅಂತ ಬರೆದಿಡಿ. ಕಸ, ನೀರು ಅಂತ ಒಂದೆರಡೇ ಬಂದ್ರೆ ಅದಕ್ಕೋಸ್ಕರ ಪಂಚಾಯ್ತಿನೇ ಇಲ್ಲದಂಗೆ ಮಾಡ್ಕೋಬೇಕಾಗಿಲ್ಲ, ಆ ಕೆಲಸಕ್ಕಷ್ಟೇ ನಗರಸಭೆ ಜೊತೆಗೋ ಪಕ್ಕದ ಪಂಚಾಯ್ತಿಗಳ ಜೊತೆಗೋ ಕೈಜೋಡಿಸಿದ್ರೆ ಸಾಕು. ಕಾರ್ಕಳ ತಾಲ್ಲೂಕಿನ ನಿಟ್ಟೇಲಿ ಒಣಕಸ ಬೇರ್ಪಡಿಸೋ ಘಟಕ ಇದೆ, ದಿನಕ್ಕೆ 10 ಟನ್ ಸಾಮರ್ಥ್ಯ, ಸುತ್ತಲಿನ ನಲವತ್ತರ ಆಸುಪಾಸು ಪಂಚಾಯ್ತಿಗಳಿಗೆ ಅದೊಂದೇ. ಒಂದೇ ಪಂಚಾಯ್ತಿ ಅಂಥದ್ದು ಹಾಕಿದ್ರೆ ಮೆಷಿನ್ ಓಡ್ಸೋಕೆ ಕಸವೇ ಸಾಲಲ್ಲ.

ಹೊಲಕ್ಕಿಂತ ಸೈಟೇ ಜಾಸ್ತಿ ಆಗಿ, ಲೇಔಟ್ ಮೇಲೆ ಲೇಔಟ್ ಎದ್ದು, ಎಲ್ಲರ ಮನೆ ಕೊಳಚೆ ಕೆರೆಗೇ ಇಳೀತಿದ್ರೆ ಮಾತ್ರ ಲೆಕ್ಕ ಬೇರೆ. ಒಳಚರಂಡಿ ಪಂಚಾಯ್ತಿ ಕೈಲಿ ಆಗೋ ಕೆಲಸ ಅಲ್ಲ, ಆಗ ವಿಲೀನವೇ ಸರಿ ಅಂತ ನಾನೂ ಹೇಳ್ತೀನಿ.

ಆದ್ರೆ ಕಳ್ಕೊಳ್ಳೋದು ಏನು ಅಂತಾನೂ ಅದೇ ಹಾಳೇಲಿ ಬರೀರಿ. ಪಂಚಾಯ್ತೀಲಿ ಸುಮಾರು 400 ಜನಕ್ಕೆ ಒಬ್ಬ ಮೆಂಬರು, ನಲ್ಲೀಲಿ ನೀರು ಬರ್ಲಿಲ್ಲ ಅಂದ್ರೆ ಅವರ ಮನೆ ಬಾಗಿಲಿಗೇ ಹೋಗಿ ನಿಲ್ಲಬಹುದು, ಸಿಟಿ ವಾರ್ಡಲ್ಲಿ ಸಾವಿರಾರು ಜನಕ್ಕೆ ಒಬ್ರು. ಗ್ರಾಮಸಭೆ ಇರಲ್ಲ, ಉದ್ಯೋಗ ಖಾತ್ರಿ ಕೂಲಿ ಕೆಲಸ ಇರಲ್ಲ, ಮನೆ ಕಂದಾಯ ಏರುತ್ತೆ. ಕೂಲಿ ಮಾಡೋ ಹೆಣ್ಮಕ್ಕಳನ್ನ ಕೇಳ್ದೆ ಇದನ್ನ ತೀರ್ಮಾನ ಮಾಡ್ಲೇಬೇಡಿ.

ಸೇರಿದ ತಕ್ಷಣ ನೀರು ಬರುತ್ತೆ ಅನ್ನೋರಿಗೆ ಬೆಂಗಳೂರು ತೋರ್ಸಿ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರ್ಸಿ ಬಿಬಿಎಂಪಿ ಮಾಡಿದ್ರು, ಆ ಹಳ್ಳಿಗಳಿಗೆ ಅಂತಾನೇ ತಂದ ಕಾವೇರಿ 5ನೇ ಹಂತದ ನೀರಿನ ಯೋಜನೆ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ, 17 ವರ್ಷ! ಬೇಡ ಅನ್ಸಿದ್ರೆ ವಾಪಸ್ ಬರೋದೂ ಸುಲಭ ಇಲ್ಲ. ಹುಬ್ಬಳ್ಳಿ-ಧಾರವಾಡ ಒಂದಾಗಿದ್ದು 1962ರಲ್ಲಿ, ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಸಂಪುಟ ಒಪ್ಪಿದ್ದು 2025ರ ಜನವರೀಲಿ.

ಕೈಜೋಡಿಸೋದು ಅಂತ ಆದ್ರೆ ಬಾಯಿಮಾತಲ್ಲಿ ಬಿಡ್ಬೇಡಿ. ನಗರಸಭೆ ಗಾಡಿ ಮೋರಿ ದಾಟಿ ಈಚೆಗೂ ಬರ್ಲಿ ಅಂತ ನಾವು ಬಾಯಿಮಾತಲ್ಲೇ ಒಪ್ಕೊಂಡ್ವಿ, ಆ ಗಾಡಿ ಕೆಟ್ಟು ಹದಿನೈದು ದಿನ ಕಸ ಎತ್ತೋರಿಲ್ಲ, ರಿಪೇರಿ ದುಡ್ಡು ಯಾರದು ಅಂತ ಎರಡೂ ಕಡೆ ಜಗಳ, ಮೋರಿ ಮತ್ತೆ ತುಂಬ್ತು. ಲೋಡಿಗೆ ಎಷ್ಟು, ಡೀಸೆಲ್ ಯಾರದು, ಗಾಡಿ ಕೆಟ್ರೆ ಎಷ್ಟು ದಿನದಲ್ಲಿ ಬದಲಿ ಗಾಡಿ, ಇಷ್ಟೂ ಒಪ್ಪಂದದಲ್ಲಿ ಬರಬೇಕು, ಎರಡೂ ಕಡೆ ಠರಾವು ಆಗಬೇಕು.

ಸರ್ಕಾರವೇ ಸೇರಿಸೋಕೆ ಹೊರಟ್ರೆ ಕರಡು ಅಧಿಸೂಚನೆ ಬರುತ್ತೆ, ಆಕ್ಷೇಪಣೆಗೆ ಕೊನೇ ದಿನ ಅದರಲ್ಲೇ ಇರುತ್ತೆ. ಗ್ರಾಮಸಭೆ ನಡಾವಳಿ ಪ್ರತಿ ಲಗತ್ತಿಸಿ ಅರ್ಜಿ ಕೊಡಿ, ಸೀಲ್ ಹಾಕಿಸಿ ಸ್ವೀಕೃತಿ ಇಸ್ಕೊಳ್ಳಿ. ಸೇರೋಕೆ ಒಪ್ಪಿಗೆ ಇದ್ರೂ ಕೊಡಿ, ನೀರಿನ ಲೈನ್ ಯಾವ ವರ್ಷ ಬರುತ್ತೆ ಅಂತ ಅದರಲ್ಲೇ ಕೇಳಿ.