ಎಸಿಯ ಹೊರಗಿನ ಯೂನಿಟ್ ನಿಂತಿತಾ? ಮೊದಲು ಬೋರ್ಡ್ ಓದಿ

ದೊಡ್ಡ ಕಟ್ಟಡದ ತಾರಸಿಯ ಮೇಲೆ ಓಡುತ್ತಿದ್ದ ಕಂಡೆನ್ಸಿಂಗ್ ಯೂನಿಟ್ (ಎಸಿಯ ಹೊರಗಿನ ಯೂನಿಟ್) ಇದ್ದಕ್ಕಿದ್ದಂತೆ ನಿಂತರೆ ಜಾಸ್ತಿ ಜನ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯೂನಿಟ್ ನಡೆಸುವ ಎಷ್ಟೋ ಎಲೆಕ್ಟ್ರಾನಿಕ್ ಬೋರ್ಡ್‌ಗಳಲ್ಲಿ ಕರೆಂಟ್ ಹೋದ ಕೂಡಲೇ ಫಾಲ್ಟ್ ಕೋಡ್, ಅಂದರೆ ಏನು ಕೆಟ್ಟಿತೆಂದು ಹೇಳುವ ಸಂಕೇತ, ಅಳಿಸಿಹೋಗುತ್ತದೆ. ಯೂನಿಟ್ ಯಾಕೆ ನಿಂತಿತು ಅನ್ನುವುದಕ್ಕೆ ಇದ್ದ ಸುಳಿವೇ ಹೋಯಿತು, ಅಲ್ವಾ?

ಹಳೆಯ ಯೂನಿಟ್‌ಗಳಲ್ಲಿ ಪ್ರೆಶರ್ ಸ್ವಿಚ್, ಓವರ್‌ಲೋಡ್ (ಕರೆಂಟ್ ಮಿತಿಮೀರಿದರೆ ತೆರೆಯುವ ಸ್ವಿಚ್) ಎಲ್ಲವೂ ಒಂದೇ ಲೈನಿನಲ್ಲಿ ಸೀರಿಸ್ ಆಗಿರುತ್ತಿದ್ದವು. ಒಂದು ತೆರೆದರೂ ಕಂಪ್ರೆಸರ್ ನಿಲ್ಲುತ್ತಿತ್ತು, ಯಾವುದು ತೆರೆಯಿತೆಂದು ಗೊತ್ತಾಗುತ್ತಿರಲಿಲ್ಲ. ಮೈಕ್ರೊಪ್ರೊಸೆಸರ್ ಬೋರ್ಡ್ ಹಲವನ್ನು ಬೇರೆ ಬೇರೆಯಾಗಿ ಗಮನಿಸುತ್ತದೆ, ಯಾವುದು ಕೈಕೊಟ್ಟಿತೆಂದು ಹೇಳುತ್ತದೆ. ಆ ಮಾತನ್ನು ಕೇಳಿಸಿಕೊಂಡರೆ ಅರ್ಧ ರಿಪೇರಿ ಮುಗಿದ ಹಾಗೆ.

1. ಕೋಡ್ ಬರೆದುಕೊಳ್ಳಿ. ಪರದೆ ಇದ್ದರೆ ಫೋಟೊ ತೆಗೆಯಿರಿ. ಬರೀ ಎಲ್‌ಇಡಿ ಇದ್ದರೆ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ. ಅರ್ಥ ಸಾಮಾನ್ಯವಾಗಿ ಪ್ಯಾನೆಲ್ ಬಾಗಿಲಿನ ಒಳಬದಿಯ ಚೀಟಿಯಲ್ಲಿರುತ್ತದೆ.

2. ಸ್ವಲ್ಪ ಕಾಯಿರಿ. ಕೋಡ್ ಇಲ್ಲ, ಆದರೂ ಕಂಪ್ರೆಸರ್ ಓಡುತ್ತಿಲ್ಲ ಎಂದರೆ ಅದು ಕೆಟ್ಟಿರಲೇಬೇಕೆಂದಿಲ್ಲ. ಒಮ್ಮೆ ನಿಂತ ಮೇಲೆ ಮತ್ತೆ ಹೊರಡಲು ಬೋರ್ಡ್ ಸಾಮಾನ್ಯವಾಗಿ 3ರಿಂದ 5 ನಿಮಿಷ ತಡೆಯುತ್ತದೆ. ಅಷ್ಟರಲ್ಲಿ ಕಂಪ್ರೆಸರ್‌ನ ಹೈ ಮತ್ತು ಲೋ ಎರಡೂ ಕಡೆಯ ಪ್ರೆಶರ್ ಹತ್ತಿರ ಬರುತ್ತದೆ, ಕಂಪ್ರೆಸರ್‌ಗೆ ಹೊರೆ ಕಡಿಮೆಯಾಗುತ್ತದೆ.

3. ಹೈ ಪ್ರೆಶರ್ ಕೋಡ್ ಇದ್ದರೆ ಕಾಯಿಲ್ (ಗ್ಯಾಸ್‌ನ ಬಿಸಿ ಹೊರಹಾಕುವ, ತೆಳು ಫಿನ್ ತಗಡುಗಳಿರುವ ಕೊಳವೆ ಸಾಲು) ನೋಡಿ. ಆರ್-410ಎ ಗ್ಯಾಸ್ 45 ಡಿಗ್ರಿಯಲ್ಲಿ ಕಂಡೆನ್ಸ್ ಆಗುವಾಗ (ದ್ರವವಾಗುವಾಗ) ಗೇಜ್ ಸುಮಾರು 26 ಬಾರ್ ತೋರಿಸುತ್ತದೆ. 40 ಬಾರ್ ಆಸುಪಾಸಿಗೆ ಏರಿದರೆ ಸ್ವಿಚ್ ಟ್ರಿಪ್ ಆಗುತ್ತದೆ. ಫ್ಯಾನ್ ತಿರುಗುತ್ತಿದೆಯೇ, ಬಿಸಿಗಾಳಿ ಗೋಡೆಗೆ ಬಡಿದು ವಾಪಸ್ ಬರುತ್ತಿದೆಯೇ ನೋಡಿ. ಆಮೇಲೆ ಕಾಯಿಲ್. ಹೊರಗಿನಿಂದ ಸ್ವಚ್ಛವಾಗಿ ಕಂಡರೆ ನಂಬಬೇಡಿ. ಎರಡು ಸಾಲಿನ ಕಾಯಿಲ್‌ನಲ್ಲಿ ಧೂಳು ಕಂಬಳಿಯಂತೆ ಎರಡರ ಮಧ್ಯೆ ಕೂತಿರುತ್ತದೆ. ಒಳಗಿನಿಂದ ಟಾರ್ಚ್ ಹಿಡಿದು ಫಿನ್‌ಗಳ ಸಂದಿಯಲ್ಲಿ ಬೆಳಕು ಹಾಯುತ್ತದೆಯೇ ನೋಡಿ. ಮೇನ್ ಆಫ್ ಮಾಡಿ, ಬೋರ್ಡ್ ಮತ್ತು ವೈರಿಂಗ್ ಮುಚ್ಚಿ, ಕಡಿಮೆ ರಭಸದ ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯಿರಿ. ಜೋರು ನೀರು ಬಿಟ್ಟರೆ ಫಿನ್ ಮಡಚಿಕೊಳ್ಳುತ್ತವೆ. ಸ್ವಿಚ್‌ಗೆ ವೈರ್ ಹಾಕಿ ಬೈಪಾಸ್ ಮಾಡುವ ಯೋಚನೆ ಮಾತ್ರ ಬೇಡ. ಪ್ರೆಶರ್ ಮಿತಿಮೀರಿದಾಗ ಯೂನಿಟ್ ನಿಲ್ಲಿಸಲೆಂದೇ ಅದು ಇರುವುದು.

4. ಸೆನ್ಸರ್ ಕೋಡ್ ಇದ್ದರೆ ಮಲ್ಟಿಮೀಟರ್ ತೆಗೆಯಿರಿ. ಮೊದಲು ಮೇನ್ ಆಫ್ ಮಾಡಿ ಬೀಗ ಹಾಕಿ. ಇನ್ವರ್ಟರ್ ಯೂನಿಟ್ ಆದರೆ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಇಳಿಯಲು ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಸೆನ್ಸರ್ ಪ್ಲಗ್ ಕಳಚಿ ರೆಸಿಸ್ಟೆನ್ಸ್ ಅಳೆಯಿರಿ. ತುಂಬಾ ಕಡೆ ಬಳಸುವ 10 ಕಿಲೋಓಮ್ ಎನ್‌ಟಿಸಿ (ತಾಪಮಾನ ಅಳೆಯುವ) ಸೆನ್ಸರ್ 25 ಡಿಗ್ರಿಯಲ್ಲಿ 10 ಕಿಲೋಓಮ್ ಹತ್ತಿರ ಇರುತ್ತದೆ. ತಂಪಾದಷ್ಟೂ ಏರುತ್ತದೆ. ನೀರಿಗೆ ಧಾರಾಳವಾಗಿ ಪುಡಿ ಐಸ್ ಹಾಕಿ ಸೆನ್ಸರ್ ತುದಿ ಮುಳುಗಿಸಿದರೆ 32 ಕಿಲೋಓಮ್ ಆಸುಪಾಸಿಗೆ ಬರಬೇಕು. ಓಪನ್ ಅಥವಾ ಶಾರ್ಟ್ ತೋರಿಸಿದರೆ ಬದಲಿಸಿ. ಅಳತೆ ಸರಿಯಿದ್ದರೆ ಕನೆಕ್ಟರ್‌ನಲ್ಲಿ ತುಕ್ಕು ಇದೆಯೇ ನೋಡಿ.

5. ಬೋರ್ಡ್ ಬದಲಿಸುವ ಮುಂಚೆ ಕಾಂಟ್ಯಾಕ್ಟರ್ (ಬೋರ್ಡ್ ಹೇಳಿದಾಗ ಕಂಪ್ರೆಸರ್‌ಗೆ ಕರೆಂಟ್ ಕೊಡುವ ಸ್ವಿಚ್) ಪರೀಕ್ಷಿಸಿ. ಇದು ಕರೆಂಟ್ ಇರುವಾಗ ಮಾಡುವ ಅಳತೆ, ಬಲ್ಲವರೇ ಮಾಡಲಿ. ಬೋರ್ಡ್ ಆರ್ಡರ್ ಕೊಟ್ಟಾಗ ಕಾಂಟ್ಯಾಕ್ಟರ್ ಒಳಗಿನ ತಂತಿ ಕಾಯಿಲ್‌ನ ಎರಡು ತುದಿಗಳ ಮಧ್ಯೆ ಅದರ ಮೇಲೆ ಬರೆದಷ್ಟು ವೋಲ್ಟೇಜ್ ಬಂದರೂ ಅದು ಎಳೆಯದಿದ್ದರೆ (ಪಾಯಿಂಟ್‌ಗಳನ್ನು ಕೂಡಿಸದಿದ್ದರೆ) ತಪ್ಪು ಬೋರ್ಡಿನದಲ್ಲ. ಒಳಬರುವ ಕಡೆ ಮೂರೂ ಫೇಸ್ ಇದ್ದು, ಎಳೆದರೂ ಕಂಪ್ರೆಸರ್ ಕಡೆ ಒಂದು ಫೇಸ್ ಕಡಿಮೆ ಬಂದರೆ ಪಾಯಿಂಟ್ ಸುಟ್ಟಿರುತ್ತದೆ. ಸುಮ್ನೆ ಬೋರ್ಡ್ ಬದಲಿಸುವುದು ದುಬಾರಿ ತಪ್ಪು.

6. ಫೇಸ್ ಕೋಡ್ ಬಂದರೆ ಮೂರೂ ಫೇಸ್ ಬರುತ್ತಿವೆಯೇ ಮೊದಲು ನೋಡಿ. ಕೇಬಲ್ ಕೆಲಸ ಮುಗಿದ ಬೆನ್ನಿಗೇ ಈ ಕೋಡ್ ಬಂದಿದ್ದರೆ ಫೇಸ್ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಸ್ಕ್ರಾಲ್ ಕಂಪ್ರೆಸರ್ (ಸುರುಳಿಗಳ ಮಧ್ಯೆ ಗ್ಯಾಸ್ ಒತ್ತುವ ಕಂಪ್ರೆಸರ್) ಉಲ್ಟಾ ತಿರುಗಿದರೆ ಕರ್ಕಶ ಸದ್ದು ಮಾಡುತ್ತದೆ, ಗ್ಯಾಸ್ ತಳ್ಳುವುದಿಲ್ಲ, ಹಾಗೇ ಓಡಿದರೆ ಹಾಳಾಗುತ್ತದೆ. ಅದಕ್ಕೇ ಬೋರ್ಡ್ ತಡೆದಿರುತ್ತದೆ. ಮೇನ್ ಆಫ್ ಮಾಡಿ, ಯೂನಿಟ್‌ಗೆ ಬರುವ ಮೂರು ಫೇಸ್ ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಕಂಪ್ರೆಸರ್ ಟರ್ಮಿನಲ್‌ನಲ್ಲಿ ಮಾತ್ರ ಬದಲಿಸಬೇಡಿ. ಬೋರ್ಡ್ ನೋಡುವುದು ಒಳಬರುವ ಲೈನನ್ನು, ಹಾಗಾಗಿ ಅಲ್ಲಿ ಬದಲಿಸಿದರೆ ಕೋಡ್ ಹಾಗೇ ಉಳಿಯುತ್ತದೆ.