ಪಾರ್ಕಿನ್ಸನ್ ಸಂಶೋಧನೆಗೆ ದೇಣಿಗೆ ಕೂಡಿಸಿದ ನನ್ನ ಅನುಭವ

ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೆ ಅದರ ಸಂಶೋಧನೆಗಾಗಿ ದೇಣಿಗೆ ಕೇಳಲು ಹೊರಟ ನನಗೆ ಹೋದಲ್ಲೆಲ್ಲ ಎದುರಾದ ಪ್ರಶ್ನೆ ಒಂದೇ: “ಅದಕ್ಕೆ ಮಾತ್ರೆ ಇದೆಯಲ್ಲ, ಮತ್ತೆ ಸಂಶೋಧನೆ ಯಾಕೆ?” ಇದಕ್ಕೆ ನೇರ ಉತ್ತರ ಕೊಡುವುದೇ ದೇಣಿಗೆ ಸಂಗ್ರಹದ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ.

1960ರ ದಶಕದಿಂದ ಬಳಕೆಯಲ್ಲಿರುವ ಲೆವೊಡೋಪ ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧ. ದೇಹದ ಚಲನೆಗೆ ಬೇಕಾದ, ಮಿದುಳಿನಲ್ಲಿ ಕಡಿಮೆಯಾದ ಡೋಪಮಿನ್ ಎಂಬ ರಾಸಾಯನಿಕವನ್ನು ಅದು ತುಂಬಿಕೊಡುತ್ತದೆಯೇ ಹೊರತು, ಡೋಪಮಿನ್ ತಯಾರಿಸುವ ನರಕೋಶಗಳು ಸಾಯುವುದನ್ನು ತಡೆಯುವುದಿಲ್ಲ. ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ವಿವರಿಸಿದ ಈ ಕಾಯಿಲೆಯ ಮುನ್ನಡೆಯನ್ನು ನಿಲ್ಲಿಸುತ್ತದೆಂದು ಸಾಬೀತಾದ ಔಷಧ ಇನ್ನೂ ಬಂದಿಲ್ಲ. ಮಾತಿನಲ್ಲಿ ಇದನ್ನು ಹೇಳಿದರೆ ಕೇಳುವವರಿಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ. ಹಾಗಾಗಿ ತಂದೆಯವರ ಒಪ್ಪಿಗೆ ಪಡೆದು, ಅವರು ಹಿಂದೆ ಬರೆದ ಪತ್ರವೊಂದನ್ನೂ ಈಚೆಗೆ ಬರೆದ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ. ಹೊಸ ಹಾಳೆಯಲ್ಲಿ ಸಾಲಿನ ಆರಂಭದ ಅಕ್ಷರಗಳನ್ನು ಓದಬಹುದು. ಸಾಲು ಮುಗಿಯುವ ಹೊತ್ತಿಗೆ ಅವು ಕುಗ್ಗುತ್ತಾ ಹೋಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೈ ನಡುಗುವುದಷ್ಟೇ ಪಾರ್ಕಿನ್ಸನ್ ಎಂದುಕೊಂಡಿದ್ದವರು ಆ ಹಾಳೆಯನ್ನು ಕೈಗೆತ್ತಿಕೊಂಡು ನೋಡುತ್ತಿದ್ದರು, ಆಮೇಲೆ ಪ್ರಶ್ನೆಗಳು ಬರುತ್ತಿದ್ದವು.

ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ನಿರ್ದಿಷ್ಟ ಉದಾಹರಣೆ ಬೇಕು. ಪಾರ್ಕಿನ್ಸನ್ ಸಂಶೋಧನೆಗೆಂದೇ 2000ದಲ್ಲಿ ಅಮೆರಿಕದಲ್ಲಿ ಆರಂಭವಾದ ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನವು 2010ರಿಂದ ನಡೆಸುತ್ತಿರುವ ದೀರ್ಘಾವಧಿ ಅಧ್ಯಯನದಲ್ಲಿ ಕಾಯಿಲೆ ಇರುವವರೂ ಇಲ್ಲದವರೂ ವರ್ಷಗಟ್ಟಲೆ ರಕ್ತ ಮತ್ತು ಬೆನ್ನುಹುರಿಯ ದ್ರವದ ಮಾದರಿಗಳನ್ನು ಕೊಡುತ್ತಾ ಬಂದರು. ಈ ಕಾಯಿಲೆಯ ಗುರುತಾಗಿ, ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡಿರುವುದನ್ನು ಆ ದ್ರವದಲ್ಲೇ ಪತ್ತೆಹಚ್ಚಬಹುದೆಂದು 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ತೋರಿಸಲು ಸಾಧ್ಯವಾದದ್ದು ಆ ಮಾದರಿಗಳಿಂದಲೇ. ಮಾದರಿ ಸಂಗ್ರಹಿಸುವುದು, ಅದನ್ನು ಕೆಡದಂತೆ ಕಾಪಾಡುವುದು, ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುವುದು, ಇವೆಲ್ಲ ಸದ್ದಿಲ್ಲದೆ ಹಣ ಬೇಡುವ ಕೆಲಸಗಳು. “ಶೀಘ್ರದಲ್ಲೇ ಗುಣಪಡಿಸುವ ಔಷಧ” ಎಂಬ ಮಾತನ್ನು ಮನವಿಪತ್ರದಲ್ಲಿ ಬರೆಯಲು ನಾನು ಎಂದೂ ಒಪ್ಪಲಿಲ್ಲ. ರೋಗಿಗಳ ಮನೆಯವರೂ ಅದನ್ನು ಓದುತ್ತಾರೆ.

ಪಾರ್ಕಿನ್ಸನ್ ಅವರ ಜನ್ಮದಿನವಾದ ಏಪ್ರಿಲ್ 11, ವಿಶ್ವ ಪಾರ್ಕಿನ್ಸನ್ ದಿನ. ಅಂದು ನಡಿಗೆ ಏರ್ಪಡಿಸಿದಾಗ ಅತಿ ಹೆಚ್ಚು ಯೋಚಿಸಿದ್ದು ದಾರಿ ಮತ್ತು ವೇಳೆಯ ಬಗ್ಗೆ. ಮಾತ್ರೆಯ ಪರಿಣಾಮ ಇಳಿದ ಹೊತ್ತಿನಲ್ಲಿ ರೋಗಿಗೆ ಹೆಜ್ಜೆಯೇ ಏಳುವುದಿಲ್ಲ. ಆದ್ದರಿಂದ ಬರುವವರು ಮಾತ್ರೆ ತೆಗೆದುಕೊಳ್ಳುವ ವೇಳೆಯನ್ನು ಮೊದಲೇ ಕೇಳಿ, ಹೆಚ್ಚಿನವರಿಗೆ ಹೊಂದುವ ಗಂಟೆಯಲ್ಲಿ ಆರಂಭಿಸಿದೆವು. ಪ್ರೋಟೀನು ಹೆಚ್ಚಿರುವ ಊಟ ಲೆವೊಡೋಪ ಹೀರಿಕೆಗೆ ಅಡ್ಡಿಯಾಗುವುದರಿಂದ ತಿಂಡಿಯನ್ನು ನಡಿಗೆಯ ನಂತರಕ್ಕೆ ಇಟ್ಟೆವು. ಇಕ್ಕಟ್ಟಾದ ಬಾಗಿಲು, ಥಟ್ಟನೆ ಬರುವ ತಿರುವುಗಳಲ್ಲಿ ಕೆಲವರ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಅಂಥ ಕಡೆ ನೆಲದ ಮೇಲೆ ಅಡ್ಡಪಟ್ಟಿಗಳನ್ನು ಅಂಟಿಸಿದ್ದೆವು. ಪಟ್ಟಿಯನ್ನು ದಾಟಬೇಕೆಂದು ಕಣ್ಣಿಗೆ ಕಂಡೊಡನೆ ಎಷ್ಟೋ ಜನರಿಗೆ ಕಾಲು ಏಳುತ್ತದೆ. ಒಬ್ಬ ಹಿರಿಯರು ಆ ಪಟ್ಟಿಯನ್ನು ದಾಟಿದ್ದನ್ನು ಕಂಡವರಲ್ಲಿ ಹಲವರು ಅಲ್ಲೇ ದೇಣಿಗೆ ಕೊಟ್ಟರು.

ಹಣವನ್ನು ನಮ್ಮ ಯಾರ ಖಾತೆಗೂ ಹಾಕಿಸಿಕೊಳ್ಳದೆ, ನೇರವಾಗಿ ಸಂಶೋಧನಾ ನಿಧಿಗೆ ಸೇರಿಸಿ ರಸೀದಿ ಕೊಡಿಸಿದೆವು. ಹಣ ಕೊಡಲಾಗದವರಿಗೆ, ಆರೋಗ್ಯವಂತರೂ ಅಧ್ಯಯನಗಳಿಗೆ ಬೇಕಾಗುತ್ತಾರೆ ಎಂದು ತಿಳಿಸುತ್ತಿದ್ದೆ. ಹಾಗೆ ಹೆಸರು ಕೊಟ್ಟವರಲ್ಲಿ, ಮೊದಲು “ಮಾತ್ರೆ ಇದೆಯಲ್ಲ” ಎಂದಿದ್ದವರೂ ಇದ್ದರು.