ಚರ್ಮದ ಪರ್ಸ್: ಕತ್ತರಿಸುವ ಮುಂಚೆ ರಟ್ಟಿನಲ್ಲಿ ಮಾಡಿ ನೋಡಿ

ಗೆಳೆಯರೇ, ಕೈಯಲ್ಲೇ ಚರ್ಮದ ಪರ್ಸ್ ಹೊಲಿಯಲು ಶುರು ಮಾಡುವವರಿಗೆ ಒಂದು ಮಾತು. ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಎಟಿಎಂ ಕಾರ್ಡಿನ ಉದ್ದ 85.6 ಮಿ.ಮೀ. ಎರಡೂ ಕಡೆ ಹೊಲಿಗೆಗೆ ಜಾಗ ಬೇಕಲ್ವಾ? ನನ್ನ ಮೊದಲ ಪರ್ಸಿನಲ್ಲಿ ಅದನ್ನು ಮರೆತೆ, ಕಾರ್ಡು ಒಳಗೆ ಹೋಗಲೇ ಇಲ್ಲ. ಒಳ್ಳೆ ಚರ್ಮ ಹಾಳಾಯಿತು, ತುಂಬಾ ಬೇಜಾರಾಯಿತು. ಈಗ ಜೇಬಿನ ಅಗಲ 10 ಸೆಂ.ಮೀ. ಇಡುತ್ತೇನೆ.

ಚರ್ಮ 1ರಿಂದ 1.2 ಮಿ.ಮೀ. ದಪ್ಪ ಇದ್ದರೆ ಸಾಕು. ಮರದ ತೊಗಟೆಯಲ್ಲಿ ಹದ ಮಾಡಿದ್ದೇ ಕೇಳಿ ತನ್ನಿ, ಅಂಚು ಚೆನ್ನಾಗಿ ಕೂರುತ್ತದೆ.

ಹೊಲಿಗೆ ಮಾತ್ರ ನಿಧಾನವಾಗಿ ಕಲಿಯಿರಿ. ಮೈಸೂರಿನ ಅಗ್ರಹಾರದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಪಕ್ಕ ಕೂತು ನಾನು ನೋಡಿದ್ದು ಇದನ್ನೇ. ದಾರ ಒಂದೇ, ಎರಡು ತುದಿಗೂ ಒಂದೊಂದು ಸೂಜಿ. ಉಳಿಯಿಂದ ತೂತು ಮಾಡಿ, ಅದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಆಮೇಲೆ ಎರಡೂ ಕೈಯಲ್ಲಿ ಒಂದೇ ಸಮ ಎಳೆಯುತ್ತಾರೆ. ಹೀಗೆ ಹೊಲಿದರೆ ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಹೊಲಿಗೆಯ ಉದ್ದಕ್ಕಿಂತ ನಾಲ್ಕು ಪಟ್ಟು ದಾರ ತೆಗೆದುಕೊಳ್ಳಿ, ಜೇನುಮೇಣ ಸವರಿ.

ಕೊನೆಗೆ ಅಂಚಿಗೆ ಸ್ವಲ್ಪವೇ ನೀರು ಹಚ್ಚಿ, ನುಣುಪಾದ ಮರದ ತುಂಡಿನಿಂದ ಹೊಳಪು ಬರುವವರೆಗೂ ಉಜ್ಜಿ. ನೀರು ಜಾಸ್ತಿಯಾದರೆ ಕಲೆ ಉಳಿಯುತ್ತದೆ.